ಬಳೆಗಾರ್ತಿ ಕಂಡ ಗೆರೆ

ಹುಲಿಗೆಮ್ಮನ ಜಾತ್ರೆಯಲ್ಲಿ ಬಳೆ ಇಡಿಸಿಕೊಳ್ಳುತ್ತಿದ್ದೆ. ನನ್ನ ಎಡಗೈ ಹೆಬ್ಬೆರಳ ಬುಡದ ಗೆರೆ ಕಂಡು ಬಳೆಗಾರ್ತಿ, ‘ಈಳಗಿ ಹತ್ತೈತೇನವ್ವಾ?’ ಎಂದಳು. ‘ಇಲ್ಲ ಯವ್ವಾ, ಪಿಸ್ತೂಲಿಂದು’ ಎಂದೆ. ಹಿಡಿದ ಕೈ ಬಿಟ್ಟೇಬಿಟ್ಟಳು.

ನಮ್ಮ ಕಡೆಗೆ ಬಂದೂಕು ಹೊಸದಲ್ಲ. 1857ರಲ್ಲಿ ಆಯುಧ ಒಪ್ಪಿಸಿರೆಂದ ಕಂಪನಿ ಸರ್ಕಾರಕ್ಕೆ ಹಲಗಲಿಯ ಬೇಡರು ಮಣಿಯಲಿಲ್ಲ. ಮರುವರ್ಷ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ. ಆಗಿನ ನಾಡಬಂದೂಕಿಗೆ ನಳಿಗೆಯ ಬಾಯಿಂದ ಮದ್ದು ತುಂಬಬೇಕಿತ್ತು. ಹಿಂದಕ್ಕೆ ಜಾರುವ ಭಾಗ ಇರಲಿಲ್ಲ. 1900ರ ಹೊತ್ತಿಗೆ ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲು ಬೆಲ್ಜಿಯಂನಲ್ಲಿ ತಯಾರಾಯಿತು. ಅದರ ಮೇಲಿನ ಉಕ್ಕಿನ ಸ್ಲೈಡು ಪ್ರತಿ ಗುಂಡಿಗೂ ಹಿಂದಕ್ಕೆ ಚಿಮ್ಮಿ, ಖಾಲಿ ತೋಟಾ ಎಸೆದು, ಹೊಸದನ್ನು ತುಂಬಿಕೊಂಡು ಮುಂದೆ ಬರುತ್ತದೆ.

ಪೊಲೀಸ್ ತರಬೇತಿಯಲ್ಲಿ ನಾನು ಮರೆತದ್ದು ಅದನ್ನೇ. ಹಿಡಿತ ಗಟ್ಟಿಯಾಗಲೆಂದು ಎಡ ಹೆಬ್ಬೆರಳನ್ನು ಸ್ಲೈಡಿನ ಹಿಂದೆ ಅಡ್ಡ ಇಟ್ಟಿದ್ದೆ. ಒಂದೇ ಗುಂಡಿಗೆ ರಕ್ತ. ಆಮೇಲೆ ಕಲಿತೆ: ಬಲಗೈ ಹಿಡಿಯ ಮೇಲ್ತುದಿಗೆ ಒತ್ತಿರಬೇಕು, ಆದರೆ ಸ್ಲೈಡಿನ ಕೆಳಗೇ ಇರಬೇಕು. ಎಡಗೈ ಬೆರಳು ಬಲಗೈ ಬೆರಳನ್ನು ಸುತ್ತಬೇಕು. ಎರಡೂ ಹೆಬ್ಬೆರಳು ಎಡಬದಿಯಲ್ಲಿ ಮುಂದಕ್ಕೆ ಚಾಚಿರಬೇಕು. ಗುರಿ ಹಿಡಿದು ಹೊಡೆಯುವೆನೆಂದು ನಿರ್ಧರಿಸುವ ತನಕ ಟ್ರಿಗರ್ ಮೇಲೆ ಬೆರಳಿಡಬಾರದು.

ಬಳೆಗಾರ್ತಿ ಮತ್ತೆ ನನ್ನ ಕೈ ಹಿಡಿದು, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದಳು. ‘ಸಡಿಲ ಬಿಡವ್ವಾ. ಬಿಗಿ ಹಿಡದ್ರ ಬಳಿ ಒಡದು ಕೈ ಕೊಯ್ತೈತಿ’ ಎಂದಳು. ಹೆಬ್ಬೆರಳು ಎಲ್ಲಿರಬೇಕೆಂಬುದು ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು.