ಕೋರಮಂಡಲಿನ ಬಾಗಿಲಿಗೆ ಬಂದ ಸಮನ್ಸು

ನ್ಯಾಯಾಲಯಗಳ ಚರಿತ್ರೆಯೆಂದರೆ ನಾವು ಸಾಮಾನ್ಯವಾಗಿ ತೀರ್ಪುಗಳ ಚರಿತ್ರೆಯನ್ನೇ ಓದುತ್ತೇವೆ. ಯಾರು ಗೆದ್ದರು, ಯಾರು ಸೋತರು, ನ್ಯಾಯಾಧೀಶರು ಏನೆಂದರು ಎಂಬುದೇ ನಮಗೆ ಮುಖ್ಯ. ತೀರ್ಪಿಗೆ ಬಹಳ ಮೊದಲು ಒಂದು ಸಣ್ಣ ಕೆಲಸ ನಡೆದಿರುತ್ತದೆ: ನಿಮ್ಮ ಮೇಲೆ ದಾವೆ ಬಿದ್ದಿದೆ, ಇಂಥ ದಿನ ಬಂದು ಉತ್ತರ ಕೊಡಿ ಎಂದು ಪ್ರತಿವಾದಿಗೆ ತಿಳಿಸುವ ಕೆಲಸ. ಅದು ಸರಿಯಾಗಿ ನಡೆಯದಿದ್ದರೆ ಮುಂದಿನದೆಲ್ಲ ಒಬ್ಬನೇ ಮಾತಾಡಿ ಮುಗಿಸಿದ ಜಗಳವಾಗುತ್ತದೆ. ಬಡವರು ಸಿವಿಲ್ ಕೋರ್ಟಿನಲ್ಲಿ ಸೋಲುವುದು ಎಷ್ಟೋ ವೇಳೆ ವಾದ ದುರ್ಬಲವಾಗಿದ್ದುದರಿಂದಲ್ಲ, ವಾದವಿದೆ ಎಂಬುದೇ ಅವರಿಗೆ ಗೊತ್ತಿಲ್ಲದ್ದರಿಂದ. ಕೋಲಾರದ ಚಿನ್ನದ ಗಣಿ ಪ್ರದೇಶವನ್ನು, ಅದರಲ್ಲೂ ಕೋರಮಂಡಲ್‌ನಂಥ ಕಾರ್ಮಿಕ ವಸತಿಯನ್ನು ಮುಂದಿಟ್ಟುಕೊಂಡು ಈ ಸಂಗತಿಯನ್ನು ನೋಡಬೇಕೆಂದು ನಮಗನಿಸಿದೆ.

ಮೊದಲು ಪದಗಳ ಮಾತು. ದಾವೆ, ವಕೀಲ, ವಕಾಲತ್ತು, ವಾಯಿದೆ, ತಕರಾರು, ಜಪ್ತಿ, ಜಾರಿ, ಹಾಜರಿ, ರುಜು, ಷರಾ, ಮುನ್ಸೀಫ್, ಶಿರಸ್ತೇದಾರ್, ನಾಜರ್ - ನಮ್ಮ ಕೋರ್ಟಿನ ಕನ್ನಡದ ಅರ್ಧಭಾಗ ಅರಬ್ಬಿ ಮತ್ತು ಪಾರ್ಸಿಯಿಂದ ಬಂದದ್ದು. ಬಂಗಾರಪೇಟೆ ತಾಲೂಕಿನ ಬೂದಿಕೋಟೆ ಹೈದರಲಿಯ ಜನ್ಮಸ್ಥಳವೆಂದು ಎಲ್ಲರಿಗೂ ಗೊತ್ತು. ಆ ಕಾಲದ ದಫ್ತರಗಳ ಮಾತು ಬ್ರಿಟಿಷರ ಕೋರ್ಟುಗಳಲ್ಲೂ ಹಾಗೆಯೇ ಉಳಿದುಕೊಂಡಿತು. ಸಮನ್ಸು ಎಂಬ ಕಾಗದ ಮಾತ್ರ ಇಂಗ್ಲಿಷಿನದು, ಅದನ್ನು ಹೊತ್ತು ತರುವವನು ಅಮೀನ. ಇಂದು ಸರ್ಕಾರಿ ಕಾಗದದಲ್ಲಿ ಅವನನ್ನು ಆದೇಶ ಜಾರಿಕಾರನೆಂದು ಬರೆಯುತ್ತಾರೆ. ಜನರ ಬಾಯಲ್ಲಿ ಅವನಿನ್ನೂ ಅಮೀನನೇ. ಅಮೀನ್ ಎಂದರೆ ನಂಬಿಗಸ್ತ. ಹೆಸರು ಸುಮ್ಮನೆ ಬಂದದ್ದಲ್ಲ. ಪ್ರತಿವಾದಿಗೆ ಸುದ್ದಿ ಮುಟ್ಟಿತೋ ಇಲ್ಲವೋ ಎಂಬುದಕ್ಕೆ ನ್ಯಾಯಾಧೀಶರಿಗೆ ಸಿಗುವ ಸಾಕ್ಷ್ಯವೆಂದರೆ ಅವನು ಸಮನ್ಸಿನ ಹಿಂಬದಿಯಲ್ಲಿ ಬರೆದ ಎರಡು ಸಾಲಿನ ಷರಾ.

ಎದುರಾಳಿ ಇಲ್ಲದೆ ತೀರ್ಪು ಕೊಡಬಹುದೇ ಎಂಬ ಪ್ರಶ್ನೆ ಇಂಗ್ಲಿಷ್ ಕಾನೂನಿಗಿಂತ ಹಳೆಯದು. ಗೈರುಹಾಜರಾದವನ ಮೇಲೆ ಖಾಜಿ ತೀರ್ಪು ಕೊಡಕೂಡದೆಂಬುದು ಹನಫಿ ಪಂಥದ ಸಾಮಾನ್ಯ ನಿಲುವು. ಶಾಫಿ ಪಂಥ ಷರತ್ತುಗಳೊಂದಿಗೆ ಅದಕ್ಕೆ ಅವಕಾಶ ಕೊಡುತ್ತದೆ. ಎರಡೂ ಕಡೆ ಕಾರಣಗಳಿವೆ. ಎದುರಾಳಿ ಬರುವವರೆಗೆ ಕಾಯಬೇಕೆಂದರೆ ಮೋಸಗಾರ ಬರುವುದೇ ಇಲ್ಲ, ಕಾಯಬೇಕಿಲ್ಲವೆಂದರೆ ಅಮಾಯಕನಿಗೆ ಬಾಯಿಯೇ ಇಲ್ಲ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆ ಎರಡನೆಯ ದಾರಿಯನ್ನು ಹಿಡಿಯಿತು. ಸಮನ್ಸು ಸರಿಯಾಗಿ ಜಾರಿಯಾಗಿದ್ದೂ ಪ್ರತಿವಾದಿ ಬಾರದಿದ್ದರೆ ಏಕಪಕ್ಷೀಯವಾಗಿ ವಿಚಾರಣೆ ನಡೆಸಬಹುದು. ಹೀಗಾಗಿ ಇಡೀ ಭಾರ ‘ಸರಿಯಾಗಿ’ ಎಂಬ ಒಂದು ಪದದ ಮೇಲೆ ಬಿತ್ತು. 1859ರ ಮೊದಲ ಸಂಹಿತೆಯಿಂದ ಇಂದಿಗೂ ಜಾರಿಯಲ್ಲಿರುವ 1908ರ ಸಂಹಿತೆಯವರೆಗೆ ಆ ಪದಕ್ಕೆ ಅರ್ಥ ಕೊಡುವ ನಿಯಮಗಳು ಬೆಳೆಯುತ್ತ ಬಂದವು. 1908ರ ಸಂಹಿತೆಯಲ್ಲಿ ಇವು ಐದನೆಯ ಆದೇಶದಲ್ಲಿವೆ.

ಆ ನಿಯಮಗಳ ಕ್ರಮ ಹೀಗಿದೆ. ಸಾಧ್ಯವಿದ್ದಷ್ಟೂ ಸಮನ್ಸನ್ನು ಪ್ರತಿವಾದಿಯ ಕೈಗೇ ಕೊಡಬೇಕು, ಜೊತೆಗೆ ವಾದಪತ್ರದ ನಕಲಿರಬೇಕು. ಅವನು ಮನೆಯಲ್ಲಿಲ್ಲದೆ, ಸದ್ಯಕ್ಕೆ ಸಿಗುವ ಸಂಭವವೂ ಇಲ್ಲದೆ, ಅವನ ಪರವಾಗಿ ಪಡೆಯಲು ಅಧಿಕಾರವುಳ್ಳ ಏಜೆಂಟನೂ ಇಲ್ಲದಿದ್ದರೆ, ಜೊತೆಯಲ್ಲಿ ವಾಸಿಸುವ ಕುಟುಂಬದ ವಯಸ್ಕರಿಗೆ ಕೊಡಬಹುದು. ಮನೆಯಾಳು ಕುಟುಂಬದವನಲ್ಲ, ಅವನಿಗೆ ಕೊಟ್ಟರೆ ಕೊಟ್ಟಂತಲ್ಲ. ಪಡೆದವರ ರುಜು ಬೇಕು. ತೆಗೆದುಕೊಳ್ಳಲು ಒಪ್ಪದಿದ್ದರೆ, ಅಥವಾ ಎಷ್ಟು ಪ್ರಯತ್ನಿಸಿದರೂ ಸಿಗದಿದ್ದರೆ, ಮನೆಯ ಹೊರಬಾಗಿಲಿಗೋ ಎದ್ದು ಕಾಣುವ ಇನ್ನಾವ ಭಾಗಕ್ಕೋ ನಕಲನ್ನು ಅಂಟಿಸಿ ವರದಿ ಮಾಡಬೇಕು. ಇವೆಲ್ಲ ವಿಫಲವಾದ ಮೇಲೆ, ಕೋರ್ಟಿಗೆ ಮನವರಿಕೆಯಾದರೆ, ಬದಲಿ ಜಾರಿ: ಕೋರ್ಟಿನ ಫಲಕದಲ್ಲಿ ಮತ್ತು ಕೊನೆಯದಾಗಿ ವಾಸವಿದ್ದ ಮನೆಗೆ ಅಂಟಿಸುವುದು, ಇಲ್ಲವೆ ಪತ್ರಿಕೆಯಲ್ಲಿ ಪ್ರಕಟಿಸುವುದು.

ಓದಿದರೆ ನ್ಯಾಯವಾದ ಕ್ರಮವೆಂದೇ ತೋರುತ್ತದೆ. ಆದರೆ ಇದನ್ನು ಬರೆದವರ ಕಣ್ಣ ಮುಂದೆ ಒಬ್ಬ ಮನುಷ್ಯನಿದ್ದ. ಅವನಿಗೆ ಸ್ವಂತ ಮನೆಯಿದೆ, ಮನೆಗೆ ಹೊರಬಾಗಿಲಿದೆ, ಹಗಲು ಹೊತ್ತು ಸಿಗುತ್ತಾನೆ, ನೆರೆಹೊರೆಯವರು ಅವನನ್ನು ಹೆಸರಿನಿಂದ ಬಲ್ಲರು, ಕೋರ್ಟಿನ ಭಾಷೆಯನ್ನು ಅವನೋ ಅವನ ಶಾನುಭೋಗನೋ ಓದಬಲ್ಲ. ಕೋರಮಂಡಲ್‌ನಲ್ಲಿ ಇಂಥ ಮನುಷ್ಯ ಸಿಗುವುದು ಕಷ್ಟವಿತ್ತು.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಬರಡು ಗುಡ್ಡದ ಮೇಲೆ ಒಂದು ಊರೇ ಎದ್ದಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗಳಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್ ಮತ್ತು ಸುತ್ತಲಿನ ತಮಿಳು ಸೀಮೆಯ ದಲಿತರು. ಮೊದಲಿಗೆ ಅವರ ವಾಸ ಬಿದಿರು ತಟ್ಟಿಯ ಗುಡಿಸಲುಗಳಲ್ಲಿ, ಆಮೇಲೆ ಕಂಪನಿಯ ‘ಲೈನು’ಗಳಲ್ಲಿ. ನೆಲವೂ ಮನೆಯೂ ಕಂಪನಿಯದು. ಕೆಲಸ ಹೋದರೆ ವಿಳಾಸವೂ ಹೋಯಿತು. ತಟ್ಟಿ ಗುಡಿಸಲಿಗೆ ಹೊರಬಾಗಿಲು ಯಾವುದು, ಎದ್ದು ಕಾಣುವ ಭಾಗ ಯಾವುದು? ಅಂಟಿಸಿದ ಕಾಗದ ಸಂಜೆಯವರೆಗೆ ಉಳಿಯುವುದೇ ಅನುಮಾನ. ಸಾಲಾಗಿ ಕಟ್ಟಿದ ಒಂದೇ ಥರದ ಮನೆಗಳಲ್ಲಿ ಒಂದೇ ಹೆಸರಿನವರು ಇಬ್ಬರು ಮೂವರಿರುವುದೂ ಅಪರೂಪವಲ್ಲ. ಇಂಥ ಕಡೆ ಮನೆಯನ್ನು ಗುರುತಿಸಿಕೊಟ್ಟವರು ಯಾರೆಂದು ಬರೆಯಬೇಕೆಂಬ ನಿಯಮಕ್ಕೆ ಎಷ್ಟು ಬೆಲೆಯೆಂದು ಹೇಳಬೇಕಾಗಿಲ್ಲ.

ಇನ್ನು ಕೈಗೇ ಕೊಡುವ ಮಾತು. ಗಣಿಯ ಕೆಲಸ ಪಾಳಿಯ ಕೆಲಸ. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಅಮೀನ ಲೈನಿಗೆ ಬರುವ ಹೊತ್ತಿಗೆ ಪ್ರತಿವಾದಿ ನೆಲದಡಿಯಲ್ಲಿ ಬಂಡೆ ಕೊರೆಯುತ್ತಿರಬಹುದು, ರಾತ್ರಿ ಪಾಳಿ ಮುಗಿಸಿ ಗಾಢ ನಿದ್ದೆಯಲ್ಲಿರಬಹುದು. ಆದರೂ ಅವನು ‘ಸಿಗದವನು’ ಅಲ್ಲ, ಪಾಳಿ ಮುಗಿದರೆ ಮನೆಗೆ ಬರುವವನು. ಒಂದೇ ಸಲ ಹೋಗಿ ಬಾಗಿಲಿಗೆ ಕಾಗದ ಅಂಟಿಸಿ ಬರುವುದು ಜಾರಿಯಲ್ಲ, ಮತ್ತೆ ಹೋಗಿ ಹುಡುಕಬೇಕು ಎಂದು ಉಚ್ಚ ನ್ಯಾಯಾಲಯಗಳು ಹೇಳುತ್ತಲೇ ಬಂದಿವೆ. 1976ರ ತಿದ್ದುಪಡಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು: ಆ ಹೊತ್ತಿಗೆ ಮನೆಯಲ್ಲಿಲ್ಲದಿದ್ದರೆ ಸಾಲದು, ಯುಕ್ತ ಕಾಲದೊಳಗೆ ಸಿಗುವ ಸಂಭವವೂ ಇರಬಾರದು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಸಂಹಿತೆ ಬರೆದವರಿಗೆ ಕೆಲವು ವರ್ಗದವರನ್ನು ಮನೆಯಲ್ಲಿ ಹಿಡಿಯುವುದು ಕಷ್ಟವೆಂದು ಚೆನ್ನಾಗಿ ಗೊತ್ತಿತ್ತು. ಸೈನಿಕನಿಗೆ ಅವನ ಕಮಾಂಡಿಂಗ್ ಅಧಿಕಾರಿಯ ಮೂಲಕ, ಕೈದಿಗೆ ಜೈಲಿನ ಅಧಿಕಾರಿಯ ಮೂಲಕ, ಸರ್ಕಾರಿ ಅಧಿಕಾರಿಗೂ ರೈಲ್ವೆ ಕಂಪನಿಯ ನೌಕರನಿಗೂ ಕಚೇರಿಯ ಮುಖ್ಯಸ್ಥನ ಮೂಲಕ ಸಮನ್ಸು ಮುಟ್ಟಿಸುವ ಪ್ರತ್ಯೇಕ ದಾರಿಗಳನ್ನು ಅವರು ಮಾಡಿಟ್ಟರು. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಕೆಲಸ ಮಾಡುವ ರೈಲ್ವೆ ನೌಕರನಿಗೆ ಆ ಅನುಕೂಲವಿತ್ತು. ಅದೇ ಕವಲು ಮಾರ್ಗದಲ್ಲಿ ಕೆಲವೇ ಮೈಲಿ ಮುಂದೆ ಕೋರಮಂಡಲ್ ನಿಲ್ದಾಣದ ಪಕ್ಕದಲ್ಲಿದ್ದ ಗಣಿ ಕಾರ್ಮಿಕನಿಗೆ ಇರಲಿಲ್ಲ. ಖಾಸಗಿ ಗಣಿ, ತೋಟ, ಗಿರಣಿಗಳ ಕೂಲಿಗಾರ ಸಂಹಿತೆಯ ಕಣ್ಣಿಗೆ ಬೀಳಲೇ ಇಲ್ಲ. ಕಂಪನಿಯ ಮೂಲಕ ಕೊಡಬೇಕಿತ್ತೆಂದು ನಾವು ಹೇಳುತ್ತಿಲ್ಲ. ಸಾಲದ ದಾವೆಯ ಸುದ್ದಿ ಮೇಸ್ತ್ರಿಯ ಕೈಗೆ ಮೊದಲು ಹೋಗುವುದು ಕೂಲಿಗಾರನಿಗೆ ಹಿತವಲ್ಲ. ಅವನೂ ಮನೆಯಲ್ಲಿ ಹಿಡಿಯಲು ಕಷ್ಟವಾದವನು ಎಂಬ ಅರಿವಾದರೂ ಇರಬೇಕಿತ್ತು.

ಮನೆಯಲ್ಲಿ ಇರುತ್ತಿದ್ದವರು ಹೆಂಗಸರು. ಆದರೆ 1976ರವರೆಗೆ ನಿಯಮದಲ್ಲಿ ಇದ್ದ ಪದ ‘ವಯಸ್ಕ ಗಂಡು ಸದಸ್ಯ’. ಮನೆ ನಡೆಸುವ, ಚೀಟಿ ಕಟ್ಟುವ, ಅಂಗಡಿಯ ಬಾಕಿ ತೀರಿಸುವ ಹೆಂಡತಿಗೋ ತಾಯಿಗೋ ಸಮನ್ಸು ಕೊಟ್ಟರೆ ಕಾನೂನಿನ ಲೆಕ್ಕದಲ್ಲಿ ಅದು ಜಾರಿಯಾಗುತ್ತಿರಲಿಲ್ಲ. ಅವಳನ್ನು ದಾಟಿಹೋಗಿ ಬಾಗಿಲಿಗೆ ಅಂಟಿಸಿದರೆ ಜಾರಿಯಾಗುತ್ತಿತ್ತು. ಮನುಷ್ಯಳಿಗಿಂತ ಮರದ ಹಲಗೆಗೆ ಹೆಚ್ಚು ನಂಬಿಕೆ! ಪರ್ದಾ ಪದ್ಧತಿಯ ಮನೆಗಳನ್ನು ನೆನೆದು ಹೀಗೆ ಬರೆದರೆಂದು ಸಮರ್ಥಿಸುವವರಿದ್ದಾರೆ. ಪದ್ಧತಿಯಂತೆ ಹೊರಗೆ ಬಾರದ ಹೆಂಗಸರಿಗೆ ಕೋರ್ಟಿಗೆ ಖುದ್ದು ಹಾಜರಾಗುವುದರಿಂದ ವಿನಾಯಿತಿ ಸಂಹಿತೆಯಲ್ಲೇ ಬೇರೆಯಾಗಿ ಇದೆ. ಅದಕ್ಕಾಗಿ ಎಲ್ಲ ಹೆಂಗಸರನ್ನೂ ಸಮನ್ಸು ಪಡೆಯಲು ಅನರ್ಹರೆಂದು ಎಣಿಸಬೇಕಿರಲಿಲ್ಲ. ‘ಗಂಡಾಗಲಿ ಹೆಣ್ಣಾಗಲಿ’ ಎಂಬ ತಿದ್ದುಪಡಿ ಜಾರಿಗೆ ಬಂದದ್ದು 1977ರ ಫೆಬ್ರವರಿಯಲ್ಲಿ.

ರುಜುವಿನ ಕಥೆ ಬೇರೆಯೇ. ಓದು ಬಾರದವನು ಹೆಬ್ಬೆಟ್ಟು ಒತ್ತಬೇಕು. ಗಣಿ ಪ್ರದೇಶದಲ್ಲಿ ಹೆಬ್ಬೆಟ್ಟು ಒತ್ತುವುದು ಹಗುರವಾದ ಸಂಗತಿಯಾಗಿರಲಿಲ್ಲ. 1930ರಲ್ಲಿ ಬೆರಳಚ್ಚು ನೋಂದಣಿಯ ವಿರುದ್ಧ ಇಲ್ಲಿನ ಕಾರ್ಮಿಕರು ದೊಡ್ಡ ಮುಷ್ಕರವನ್ನೇ ಹೂಡಿದ್ದರು. ಪ್ರಾಮಿಸರಿ ನೋಟಿಗೆ ಒತ್ತಿದ ಹೆಬ್ಬೆಟ್ಟು ಏನು ಮಾಡುತ್ತದೆಂದು ಕಂಡಿದ್ದ ಜನ ಕೋರ್ಟಿನ ಕಾಗದಕ್ಕೆ ಕೈ ಹಿಂದೆಗೆದರೆ ಆಶ್ಚರ್ಯವೇನಿಲ್ಲ. ಆದರೆ ಕಾನೂನಿನಲ್ಲಿ ಅದಕ್ಕೆ ಹೆಸರು ‘ನಿರಾಕರಣೆ’. ನಿರಾಕರಿಸಿದವನ ಬಾಗಿಲಿಗೆ ಅಂಟಿಸಿದರೆ ಜಾರಿ ಪೂರ್ಣ. ಭಯವನ್ನೂ ಉದ್ಧಟತನವನ್ನೂ ಬೇರ್ಪಡಿಸುವ ಅಂಕಣ ಸಮನ್ಸಿನ ಹಿಂಬದಿಯಲ್ಲಿಲ್ಲ.

ಭಾಷೆಯ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಬಾಯಲ್ಲಿ ತಮಿಳು, ಪೇಟೆಯಲ್ಲಿ ತೆಲುಗು, ದಖನಿ, ಕಚೇರಿಯಲ್ಲಿ ಕನ್ನಡ, ಕಂಪನಿಯಲ್ಲಿ ಇಂಗ್ಲಿಷ್ - ಇದು ಕೆಜಿಎಫ್. ಸಮನ್ಸು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಬೇರೆ ರಾಜ್ಯದಲ್ಲಿ ಜಾರಿಯಾದ ಸಮನ್ಸಿನ ದಾಖಲೆಗಳನ್ನು ಹಿಂದಿರುಗಿಸುವಾಗ, ಕಳಿಸಿದ ಕೋರ್ಟಿಗೆ ಅರ್ಥವಾಗಲೆಂದು ಹಿಂದಿ ಅಥವಾ ಇಂಗ್ಲಿಷ್ ಅನುವಾದ ಇಡಬೇಕೆಂದು 1976ರಲ್ಲಿ ಸೇರಿಸಿದರು. ಕೋರ್ಟಿಗೆ ಅನುವಾದ ಸಿಕ್ಕಿತು, ಪ್ರತಿವಾದಿಗೆ ಸಿಗಲಿಲ್ಲ. ಪತ್ರಿಕೆಯ ಪ್ರಕಟಣೆಯೂ ಹಾಗೆಯೇ. ಪ್ರತಿವಾದಿ ಕೊನೆಯದಾಗಿ ವಾಸವಿದ್ದ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಾಗಿರಬೇಕೆಂದಷ್ಟೇ ನಿಯಮ, ಅವನು ಓದಬಲ್ಲ ಭಾಷೆಯದಾಗಿರಬೇಕೆಂದು ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1950ರಲ್ಲಿ ಮುಲ್ಲೇನ್ ಪ್ರಕರಣದಲ್ಲಿ, ವಿಳಾಸ ಗೊತ್ತಿರುವವರಿಗೆ ಬರೀ ಪತ್ರಿಕೆಯ ಪ್ರಕಟಣೆ ಸಾಲದು, ಸುದ್ದಿ ನಿಜವಾಗಿ ಮುಟ್ಟುವಂಥ ದಾರಿಯನ್ನೇ ಹಿಡಿಯಬೇಕೆಂದು ಹೇಳಿತು. ನಮ್ಮ ಸುಪ್ರೀಂ ಕೋರ್ಟು 2018ರಲ್ಲಿ ನೀರಜಾ ರಿಯಲ್ಟರ್ಸ್ ಪ್ರಕರಣದಲ್ಲಿ ಅದರ ಹತ್ತಿರಕ್ಕೆ ಬಂತು: ಬಾಗಿಲಿಗೆ ಅಂಟಿಸುವ ಹಂತವನ್ನು ಸರಿಯಾಗಿ ಪಾಲಿಸದೆ ಪತ್ರಿಕಾ ಪ್ರಕಟಣೆಗೆ ಹಾರಿದ ದಾವೆಯ ಏಕಪಕ್ಷೀಯ ಡಿಕ್ರಿ ನಿಲ್ಲಲಿಲ್ಲ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ, 1962ರಲ್ಲಿ ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ ಕೊನೆಗೆ ಬಾಗಿಲು ಹಾಕಿತು. ಪಾಳಿಯ ಸೈರನ್ ನಿಂತಿತು, ಆದರೆ ಮನೆಯಲ್ಲಿ ಸಿಗದ ಪ್ರತಿವಾದಿಯ ಸಮಸ್ಯೆ ನಿಲ್ಲಲಿಲ್ಲ. ಕೆಲಸಕ್ಕಾಗಿ ಸಾವಿರಾರು ಜನ ಮುಂಜಾನೆ ಕತ್ತಲಲ್ಲಿ ಮಾರಿಕುಪ್ಪಂ ಕಡೆಯ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಅಮೀನ ಬರುವ ಹೊತ್ತಿಗೆ ಲೈನಿನ ಎಷ್ಟೋ ಮನೆಗಳಿಗೆ ಬೀಗ. ಕೊಲ್ಲಿ ದೇಶಗಳಿಗೆ ಹೋದವರದು ಇನ್ನೊಂದು ಪಾಡು. ವಿದೇಶದಲ್ಲಿ ಸಮನ್ಸು ಜಾರಿ ಮಾಡುವ 1965ರ ಹೇಗ್ ಒಪ್ಪಂದ 2007ರಲ್ಲಿ ಭಾರತಕ್ಕೆ ಅನ್ವಯವಾಯಿತು, ಆದರೆ ಕೊಲ್ಲಿಯ ಎಲ್ಲ ದೇಶಗಳೂ ಅದರಲ್ಲಿಲ್ಲ.

2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಗಳು ವೇಗಕ್ಕೆ ಒತ್ತು ಕೊಟ್ಟವು. ನೋಂದಾಯಿತ ಅಂಚೆ, ಸ್ಪೀಡ್ ಪೋಸ್ಟ್, ಕೊರಿಯರ್, ಫ್ಯಾಕ್ಸ್, ಇ-ಮೇಲ್ ಎಲ್ಲವೂ ದಾರಿಗಳಾದವು. ವಾದಿಯೇ ಸಮನ್ಸು ಒಯ್ಯುವ ದಸ್ತಿಗೂ ಸಂಹಿತೆಯಲ್ಲಿ ಜಾಗ ಸಿಕ್ಕಿತು. ಹಣ ಕೇಳುವವನೇ ಕಾಗದವನ್ನೂ ತಲುಪಿಸುವ ಈ ಏರ್ಪಾಡನ್ನು ಕೋರ್ಟುಗಳು ಎಚ್ಚರದಿಂದ ಬಳಸಬೇಕೆಂಬುದು ನಮ್ಮ ಅಭಿಪ್ರಾಯ. ಅಂಚೆಯವನು ‘ನಿರಾಕರಿಸಿದರು’ ಎಂದು ಬರೆದರೆ ಕೋರ್ಟು ಅದನ್ನು ಜಾರಿಯೆಂದು ಘೋಷಿಸಬಹುದಾಯಿತು. ಕೊರೋನಾ ಕಾಲದಲ್ಲಿ, 2020ರ ಜುಲೈಯಲ್ಲಿ, ಸುಪ್ರೀಂ ಕೋರ್ಟು ಇ-ಮೇಲಿನ ಜೊತೆಗೆ ವಾಟ್ಸ್‌ಆಪ್‌ನಂಥ ಸಂದೇಶ ಸೇವೆಗಳ ಮೂಲಕವೂ ಜಾರಿಗೆ ಅವಕಾಶ ಕೊಟ್ಟಿತು. ರೈಲಿನಲ್ಲಿ ನಿಂತು ಪ್ರಯಾಣಿಸುವವನ ಕೈಯಲ್ಲಿ ಮೊಬೈಲಂತೂ ಇದೆ. ಅದರಲ್ಲಿ ಬರುವ ವಂಚನೆಯ ನೋಟಿಸುಗಳ ನಡುವೆ ಕೋರ್ಟಿನ ನಿಜವಾದ ಸಮನ್ಸನ್ನು ಅವನು ಗುರುತಿಸಬೇಕು.

ಸುದ್ದಿ ಮುಟ್ಟದೆ ಡಿಕ್ರಿಯಾಗಿಬಿಟ್ಟರೆ ದಾರಿಯಿಲ್ಲವೇ? ಇದೆ. ಒಂಬತ್ತನೆಯ ಆದೇಶದ ಹದಿಮೂರನೆಯ ನಿಯಮದಂತೆ, ಸಮನ್ಸು ಸರಿಯಾಗಿ ಜಾರಿಯಾಗಿರಲಿಲ್ಲವೆಂದು ತೋರಿಸಿದರೆ ಏಕಪಕ್ಷೀಯ ಡಿಕ್ರಿಯನ್ನು ಕೋರ್ಟು ರದ್ದುಮಾಡಬೇಕು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅದಕ್ಕೆ ಮೂವತ್ತು ದಿನ. ಸಮನ್ಸು ಸರಿಯಾಗಿ ಜಾರಿಯಾಗದ ಪ್ರಕರಣದಲ್ಲಿ ಈ ಮೂವತ್ತು ದಿನವನ್ನು ಡಿಕ್ರಿಯ ತಾರೀಖಿನಿಂದಲ್ಲ, ಡಿಕ್ರಿಯಾಗಿರುವುದು ಗೊತ್ತಾದ ತಾರೀಖಿನಿಂದ ಎಣಿಸಬೇಕು. ಬಹಳ ಮಂದಿಗೆ ಗೊತ್ತಾಗುವುದು ಅಮೀನ ಎರಡನೆಯ ಸಲ, ಜಪ್ತಿ ವಾರಂಟು ಹಿಡಿದು ಬಂದಾಗ. ಕೂಲಿಗಾರನ ಕೂಲಿಯನ್ನು ಜಪ್ತಿ ಮಾಡಕೂಡದೆಂದು ಅರುವತ್ತನೆಯ ಕಲಮು ಹೇಳುತ್ತದೆ, ಆದರೆ ಅದನ್ನು ಹೇಳಿಕೊಳ್ಳಲೂ ಕೋರ್ಟಿಗೆ ಹೋಗಬೇಕು. ಇನ್ನೊಂದು ಎಚ್ಚರಿಕೆ: ಜಾರಿಯಲ್ಲಿ ಸಣ್ಣ ಲೋಪವಿದ್ದರೂ, ವಿಚಾರಣೆಯ ದಿನ ಪ್ರತಿವಾದಿಗೆ ಮೊದಲೇ ಗೊತ್ತಿತ್ತು, ಬರಲು ಸಾಕಷ್ಟು ಸಮಯವೂ ಇತ್ತು ಎಂದಾದರೆ ಬರೀ ಲೋಪದ ಆಧಾರದ ಮೇಲೆ ಡಿಕ್ರಿ ರದ್ದಾಗುವುದಿಲ್ಲ. ಇದೂ 1976ರದೇ ಸೇರ್ಪಡೆ.

ಅದಕ್ಕಾಗಿ ಅಂಥ ವಾರಂಟು ಬಂದ ದಿನವನ್ನು ಬರೆದಿಟ್ಟುಕೊಂಡು, ವಕೀಲರ ಮೂಲಕ ಮೊದಲು ತೆಗೆಸಬೇಕಾದದ್ದು ಹಳೆಯ ಸಮನ್ಸಿನ ಮತ್ತು ಅದರ ಹಿಂಬದಿಯ ಷರಾದ ದೃಢೀಕೃತ ನಕಲು. ಅಮೀನ ಎಷ್ಟು ಸಲ ಬಂದಿದ್ದ, ಯಾವ ಹೊತ್ತಿನಲ್ಲಿ, ಮನೆಯನ್ನು ತೋರಿಸಿದವರು ಯಾರು, ಅಂಟಿಸಿದ್ದು ಯಾರ ಎದುರಿನಲ್ಲಿ, ಅವರ ಹೆಸರು ವಿಳಾಸ ಇವೆಯೇ, ಅಮೀನನ ಪ್ರಮಾಣಪತ್ರ ಇದೆಯೇ ಅಥವಾ ಕೋರ್ಟು ಅವನನ್ನು ವಿಚಾರಿಸಿದೆಯೇ ಎಂದು ಅದರಲ್ಲಿ ಒಂದೊಂದಾಗಿ ನೋಡಬೇಕು.