ಉಡಿಗೆ ಬಿದ್ದ ಮಗ: ಕನ್ನಡ ನಾಡಿನಲ್ಲಿ ದತ್ತಕದ ಹಿಂದುಮುಂದು

ಸಾಕುಮಗ ಬೇರೆ, ದತ್ತಕ ಮಗ ಬೇರೆ. ಅಕ್ಕನ ಮಗನನ್ನು ಹತ್ತು ವರ್ಷ ಮನೆಯಲ್ಲಿಟ್ಟು ಉಣಿಸಿ ಓದಿಸಿದರೂ ಅವನಿಗೆ ಹೊಲದಲ್ಲಿ ಪಾಲಿಲ್ಲ. ಊರ ಹಿರಿಯರ ಮುಂದೆ ಒಂದು ಗಳಿಗೆಯಲ್ಲಿ ಉಡಿಗೆ ಹಾಕಿಸಿಕೊಂಡ ದಾಯಾದಿಯ ಮಗ ಮನೆಯ ಯಜಮಾನನಾಗುತ್ತಾನೆ. ಕರ್ನಾಟಕದ ಹಳೆಯ ಕುಟುಂಬಗಳಲ್ಲಿ ದತ್ತಕ ಎಂದರೆ ಅನಾಥ ಮಗುವಿಗೆ ಆಸರೆ ಕೊಡುವುದಾಗಿರಲಿಲ್ಲ. ಮಗುವಿಗೆ ಮನೆ ಹುಡುಕುವುದಕ್ಕಿಂತ ಮನೆಗೆ ಮಗನನ್ನು ಹುಡುಕುವುದೇ ಅದರ ಉದ್ದೇಶವಾಗಿತ್ತು. ಪಿಂಡ ಹಾಕಲು ಒಬ್ಬ ಬೇಕು, ಹೊಲಮನೆ ನಡೆಸಲು ಒಬ್ಬ ಬೇಕು, ಹೆಸರು ಉಳಿಯಬೇಕು.

ಮಗನಿಲ್ಲದೆ ಸತ್ತವನ ಆಸ್ತಿಯ ಚಿಂತೆ ಈ ನಾಡಿಗೆ ಹಳೆಯದು. ಮಧ್ಯಕಾಲದ ಕನ್ನಡ ಶಾಸನಗಳಲ್ಲಿ ಬರುವ 'ಅಪುತ್ರಿಕ' ಎಂಬ ಮಾತು ಇಂಥ ಆಸ್ತಿಯದೇ. ಶಾಸ್ತ್ರದ ಕಡೆ ಈ ವಿಷಯವನ್ನು ವಿವರಿಸಿದ ದೊಡ್ಡ ಗ್ರಂಥವೂ ಕನ್ನಡ ನೆಲದಲ್ಲೇ ಹುಟ್ಟಿತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಸ್ಮೃತಿಗಳು ಹೇಳುವ ಹನ್ನೆರಡು ಬಗೆಯ ಪುತ್ರರಲ್ಲಿ ಕಾಲ ಕಳೆದಂತೆ ಬಳಕೆಯಲ್ಲಿ ಉಳಿದವರು ಮುಖ್ಯವಾಗಿ ಇಬ್ಬರು: ಸ್ವಂತ ಹೊಟ್ಟೆಯಲ್ಲಿ ಹುಟ್ಟಿದ ಔರಸ ಮತ್ತು ಕೊಟ್ಟು ಪಡೆದ ದತ್ತಕ. ಒಬ್ಬನೇ ಮಗನನ್ನು ಕೊಡಬಾರದು, ಹಿರಿಮಗನನ್ನು ಕೊಡಬಾರದು ಎಂಬ ವಿಧಿಯನ್ನೂ ಶಾಸ್ತ್ರ ಇಟ್ಟಿತ್ತು. ಅದು ಎಷ್ಟರಮಟ್ಟಿಗೆ ಪಾಲನೆಯಾಯಿತೆಂಬುದು ಬೇರೆ ಮಾತು; 1899ರಲ್ಲಿ ಬ್ರಿಟಿಷ್ ಕಾಲದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಒಬ್ಬನೇ ಮಗನ ದತ್ತಕವೂ ಸಿಂಧು ಎಂದಿತು.

ವಿಧಿಯ ತಿರುಳು ಕೊಡುವುದು ಮತ್ತು ತೆಗೆದುಕೊಳ್ಳುವುದು. ಹೆತ್ತ ತಂದೆ ಮಗುವನ್ನು ಎತ್ತಿ ಕೊಡಬೇಕು, ಪಡೆಯುವವರು ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಬ್ರಾಹ್ಮಣರ ಮನೆಗಳಲ್ಲಿ ದತ್ತಹೋಮ ನಡೆಯುತ್ತಿತ್ತು. ಜೈನರಲ್ಲಿ ಹೋಮ ಬೇಕಿರಲಿಲ್ಲ. ಬ್ರಾಹ್ಮಣೇತರರ ಬಹುಪಾಲು ಮನೆಗಳಲ್ಲೂ ನಾಲ್ಕು ಜನರ ಮುಂದೆ ಕೊಟ್ಟು ತೆಗೆದುಕೊಂಡರೆ ಸಾಕಾಗುತ್ತಿತ್ತು. ಆ ಮೇಲೆ ದತ್ತಪತ್ರ ಬರೆಯುವ ರೂಢಿ ಬಂತು. ಅಲ್ಲಿಂದಾಚೆ ಹುಡುಗನ ಗೋತ್ರ, ಅಡ್ಡಹೆಸರು, ಎಷ್ಟೋ ಸಲ ಹೆಸರೂ ಬದಲಾಗುತ್ತಿತ್ತು. ಹುಟ್ಟಿದ ಮನೆಯ ಆಸ್ತಿ ತಪ್ಪಿಹೋಗುತ್ತಿತ್ತು. ಆದರೆ ಒಂದು ಎಳೆ ಮಾತ್ರ ಕಡಿಯುತ್ತಿರಲಿಲ್ಲ: ಹೆಣ್ಣು ನೋಡುವಾಗ ಹುಟ್ಟಿದ ಮನೆಯ ರಕ್ತಸಂಬಂಧ ಅವನಿಗೆ ಮೊದಲಿನಂತೆಯೇ ಅಡ್ಡಬರುತ್ತಿತ್ತು. ದತ್ತಕ ತೆಗೆದುಕೊಂಡ ಮನೆಯಲ್ಲೇ ಆ ಮೇಲೆ ಗಂಡು ಹುಟ್ಟಿದರೆ ದತ್ತಕನ ಗತಿಯೇ ಬೇರೆ. ಮುಂಬಯಿ ಮತ್ತು ಮದ್ರಾಸ್ ಪ್ರಾಂತಗಳ ನ್ಯಾಯಾಲಯಗಳು ಒಪ್ಪಿದ ಲೆಕ್ಕದಲ್ಲಿ ಔರಸನ ಎದುರು ದತ್ತಕನಿಗೆ ಬರುತ್ತಿದ್ದದ್ದು ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲು.

ಈ ಮನೆಮಾತು ರಾಜಕಾರಣವಾದದ್ದು ಕಿತ್ತೂರಿನಲ್ಲಿ. 1824ರಲ್ಲಿ ಅಲ್ಲಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಮಾಸ್ತಮರಡಿಯ ಗೌಡರ ಮನೆಯ ಶಿವಲಿಂಗಪ್ಪನನ್ನು ದತ್ತಕ ಪಡೆಯಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪದೆ ಖಜಾನೆಗೆ ಕಾವಲು ಹಾಕಿದ. ಅಕ್ಟೋಬರ್ 23ರಂದು ಕೋಟೆಯ ಮುಂದಿನ ಕಾಳಗದಲ್ಲಿ ಆತ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರೆ, ಅದೇ ದತ್ತಕ ಮಗನಿಗೆ ಗಾದಿ ಕೊಡಿಸಲು ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ನೇಣಿಗೇರಿಸಲಾಯಿತು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ದತ್ತುಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿ ಅವನ ಹೆಸರಿಗೆ ಅಂಟಿಕೊಂಡಿದ್ದರೂ ಕಿತ್ತೂರು ಅದರ ರುಚಿ ಕಂಡದ್ದು ಕಾಲು ಶತಮಾನ ಮೊದಲೇ. ನರಗುಂದದ ಅರಸ ಬಾಬಾಸಾಹೇಬನಿಗೂ ದತ್ತಕಕ್ಕೆ ಅನುಮತಿ ಸಿಗಲಿಲ್ಲ. 1858ರ ಬಂಡಾಯಕ್ಕೆ ಅದು ದೊಡ್ಡ ಕಾರಣ, ಅದೇ ವರ್ಷ ಬೆಳಗಾವಿಯಲ್ಲಿ ಅವನಿಗೆ ನೇಣಾಯಿತು.

ಮೈಸೂರಿನಲ್ಲಿ ಕತೆ ಬೇರೆಯಾಯಿತು. 1831ರಲ್ಲಿ ಆಡಳಿತ ಕಳೆದುಕೊಂಡಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು 1865ರ ಜೂನ್‌ನಲ್ಲಿ, ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಮಗುವನ್ನು ದತ್ತು ಪಡೆದರು. 1867ರಲ್ಲಿ ಲಂಡನ್ ಸರ್ಕಾರ ಅದನ್ನು ಮಾನ್ಯ ಮಾಡಿತು. ಮರುವರ್ಷ ಒಡೆಯರು ತೀರಿಕೊಂಡರು. ಆ ಮಗುವೇ 1881ರಲ್ಲಿ ರಾಜ್ಯವನ್ನು ಮರಳಿ ಪಡೆದ ಚಾಮರಾಜೇಂದ್ರ ಒಡೆಯರು. ಎರಡು ವರ್ಷದ ಕೂಸಿನ ಮೇಲೆ ಒಂದು ರಾಜ್ಯದ ಅಳಿವು ಉಳಿವು ನಿಂತಿತ್ತು.

ಅರಮನೆಗಳಾಚೆ, ಗೌಡ, ಕುಲಕರ್ಣಿ, ದೇಸಾಯಿ ಮನೆಗಳಲ್ಲಿ ದತ್ತಕದ ಕೇಂದ್ರದಲ್ಲಿದ್ದವಳು ವಿಧವೆ. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರಿಂದ ಅವಳ ಹಕ್ಕು ಊರಿನಿಂದ ಊರಿಗೆ ಬದಲಾಗುತ್ತಿತ್ತು. ಬಳ್ಳಾರಿಯಂಥ ಮದ್ರಾಸ್ ಸೀಮೆಯಲ್ಲಿ ಗಂಡ ಬದುಕಿದ್ದಾಗ ಅಪ್ಪಣೆ ಕೊಟ್ಟಿರಬೇಕು, ಇಲ್ಲವೇ ಗಂಡನ ಸಪಿಂಡರು, ಅಂದರೆ ಹತ್ತಿರದ ರಕ್ತಬಂಧುಗಳು, ಒಪ್ಪಬೇಕಿತ್ತು. ಮುಂಬಯಿಗೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿ ಗಂಡ ಬೇಡವೆಂದು ಹೇಳಿರದಿದ್ದರೆ ಸಾಕಿತ್ತು. ಮೈಸೂರು ಸಂಸ್ಥಾನ 1933ರ ಮಹಿಳಾ ಹಕ್ಕುಗಳ ಕಾಯ್ದೆಯಲ್ಲಿ, ಗಂಡ ಬರಹದಲ್ಲಿ ನಿಷೇಧಿಸಿರದಿದ್ದರೆ ವಿಧವೆಗೆ ಅಪ್ಪಣೆಯಿದೆ ಎಂದೇ ತಿಳಿಯಬೇಕೆಂದಿತು. ಒಟ್ಟು ಕುಟುಂಬದ ವಿಧವೆಗೆ ಮೈದುನರ ಒಪ್ಪಿಗೆ ಬೇಕೇ ಎಂಬ ವ್ಯಾಜ್ಯ ಮುಂಬಯಿ ಸೀಮೆಯಲ್ಲಿ ದಶಕಗಳ ಕಾಲ ನಡೆಯಿತು. 1930ರ ದಶಕದ ಆರಂಭದಲ್ಲಿ ಒಂದು ಗೌಡರ ಮನೆತನದ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಬೇಡ ಎಂದಿತು.

ಇದರ ಪರಿಣಾಮ ಸಣ್ಣದಲ್ಲ. ವಿಧವೆ ಪಡೆದ ಮಗನನ್ನು ಕಾನೂನು ಅವಳ ಗಂಡ ಸತ್ತ ದಿನದಿಂದಲೇ ಇದ್ದ ಮಗನೆಂದು ಎಣಿಸುತ್ತಿತ್ತು. ಗಂಡ ಸತ್ತು ಇಪ್ಪತ್ತೋ ಮೂವತ್ತೋ ವರ್ಷವಾದ ಮೇಲೆ, ಮೈದುನರು ಹೊಲ ಹಂಚಿಕೊಂಡು ಉಳುತ್ತಿರುವಾಗ, ಮೂಲೆಯ ಕೋಣೆಯಲ್ಲಿ ಎರಡು ಹೊತ್ತಿನ ಊಟಕ್ಕೆ ಕೈಯೊಡ್ಡಿದ್ದ ಅತ್ತಿಗೆ ತವರಿನವರ ಬೆಂಬಲದಿಂದ ಒಬ್ಬನನ್ನು ಉಡಿಗೆ ಹಾಕಿಸಿಕೊಂಡರೆ ಪಾಲುಪಟ್ಟಿಯೇ ಬಿಚ್ಚಿಕೊಳ್ಳುತ್ತಿತ್ತು. ಮನೆಯಲ್ಲಿ ಅವಳ ಕೈಗೆ ಬೇರೆ ಅಸ್ತ್ರವೇ ಇರಲಿಲ್ಲವೆಂಬುದನ್ನು ಮರೆತು ಇದನ್ನು ಬರಿಯ ದುರಾಸೆ ಎನ್ನುವುದು ಅನ್ಯಾಯ. ದತ್ತಕ ಹೋಗುವವನು ಕೂಸೇ ಆಗಿರಬೇಕೆಂದೂ ಇರಲಿಲ್ಲ. ಮುಂಬಯಿ ಸೀಮೆಯಲ್ಲಿ ಮದುವೆಯಾಗಿ ಮಕ್ಕಳಿದ್ದ ಗಂಡಸೂ ದತ್ತಕ ಹೋಗಬಹುದಿತ್ತು. ಹಾಗೆ ಹೋದವನ ಜೊತೆ ಹೆಂಡತಿಯೂ ಹೊಸ ಮನೆಗೆ ಸೇರುತ್ತಿದ್ದಳು. ಆದರೆ ಮೊದಲೇ ಹುಟ್ಟಿದ ಮಗ ಹಳೆಯ ಮನೆಯವನಾಗಿಯೇ ಉಳಿಯುತ್ತಾನೆಂದು ಮುಂಬಯಿ ಹೈಕೋರ್ಟ್ 1909ರಲ್ಲಿ ತೀರ್ಪಿತ್ತಿತು. ಒಂದೇ ಒಲೆಯ ಮುಂದೆ ಉಣ್ಣುವ ಅಪ್ಪ ಮಗ ಕಾನೂನಿನಲ್ಲಿ ಎರಡು ಮನೆತನದವರು!

ಹೆಣ್ಣುಮಗುವಿಗೆ ಈ ಏರ್ಪಾಡಿನಲ್ಲಿ ಜಾಗವಿರಲಿಲ್ಲ. ಗಂಡಿಲ್ಲದ ಮನೆಯವರು ಮಗಳಿಗೆ ಮನೆ ಅಳಿಯನನ್ನು ತರುತ್ತಿದ್ದರು. ಬಳ್ಳಾರಿ ಕಡೆಯ ರೆಡ್ಡಿಗಳಲ್ಲಿ ಇಂಥ 'ಇಲ್ಲಟಂ' ಅಳಿಯನಿಗೆ ಮಗನಂತೆಯೇ ಪಾಲು ಸಲ್ಲುತ್ತಿತ್ತು. ತುಳುನಾಡಿನ ಅಳಿಯಸಂತಾನದಲ್ಲಿ ಲೆಕ್ಕ ತಲೆಕೆಳಗು: ವಂಶ ನಡೆಯುವುದು ಹೆಣ್ಣಿನಿಂದ, ಹಾಗಾಗಿ ಕುಟುಂಬ ನಿಲ್ಲುವ ಸ್ಥಿತಿ ಬಂದರೆ ಹೆಣ್ಣನ್ನೇ ದತ್ತು ಪಡೆಯುವುದು ಅಲ್ಲಿನ ರೂಢಿಯಾಗಿತ್ತು.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಈ ಕಟ್ಟನ್ನು ಒಡೆಯಿತು. ಹೆಣ್ಣುಮಗುವೂ ದತ್ತಕಕ್ಕೆ ಅರ್ಹಳಾದಳು, ದತ್ತಹೋಮ ಕಡ್ಡಾಯವಲ್ಲ ಎಂದಾಯಿತು, ಅವಿವಾಹಿತೆಗೂ ವಿಧವೆಗೂ ತನ್ನ ಹೆಸರಿನಲ್ಲೇ ಮಗು ಪಡೆಯುವ ಹಕ್ಕು ಬಂತು. ಮೊದಲೇ ಬೇರೆಯವರ ಪಾಲಾದ ಆಸ್ತಿಯನ್ನು ದತ್ತಕ ಮಗು ಕಿತ್ತುಕೊಳ್ಳುವಂತಿಲ್ಲ ಎಂಬ ಒಂದು ಸಾಲು ಹಳೆಯ ವ್ಯಾಜ್ಯಗಳ ಬೇರನ್ನೇ ಕತ್ತರಿಸಿತು. ಗಂಡ ಬದುಕಿರುವ ಹೆಂಡತಿ ತಾನಾಗಿ ದತ್ತು ಪಡೆಯಲು, ಅದೂ ಅವನ ಒಪ್ಪಿಗೆಯಿಂದ, 2010ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಹಿಂದೂ, ಬೌದ್ಧ, ಜೈನ, ಸಿಖ್ಖರಲ್ಲದವರಿಗೆ ಈ ಕಾಯ್ದೆ ಅನ್ವಯಿಸದು. ಕ್ರೈಸ್ತ ಮತ್ತು ಮುಸ್ಲಿಂ ದಂಪತಿಗಳು ಬಹುಕಾಲ 1890ರ ಪಾಲಕತ್ವದ ಕಾಯ್ದೆಯಡಿ ಪಾಲಕರಷ್ಟೇ ಆಗಬಹುದಿತ್ತು. ಬಾಲನ್ಯಾಯ ಕಾಯ್ದೆ ಜಾತಿ ಧರ್ಮದ ಪ್ರಶ್ನೆಯಿಲ್ಲದೆ ಅನಾಥ ಮತ್ತು ತೊರೆದ ಮಕ್ಕಳ ದತ್ತುವಿಗೆ ದಾರಿ ತೆರೆಯಿತು. ಅದರ 2021ರ ತಿದ್ದುಪಡಿಯಿಂದ ದತ್ತು ಆದೇಶ ಹೊರಡಿಸುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಹೋಯಿತು. ಹಳೆಯ ಬಗೆಯ ದತ್ತಕ ಇದರಿಂದ ನಿಂತಿಲ್ಲ. ಬಂಧುಗಳ ನಡುವಿನ ಕೊಡುಕೊಳ್ಳುವಿಕೆ 1956ರ ಕಾಯ್ದೆಯಡಿ ಈಗಲೂ ನಡೆಯುತ್ತದೆ, ದತ್ತಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಹದಿನೈದು ದಾಟಿದವರನ್ನಾಗಲಿ ಮದುವೆಯಾದವರನ್ನಾಗಲಿ ದತ್ತು ಪಡೆಯಬಾರದೆನ್ನುವ ಅದೇ ಕಾಯ್ದೆ, ಅಂಥ ರೂಢಿಯಿರುವ ಸಮುದಾಯಗಳಿಗೆ ವಿನಾಯಿತಿ ಇಟ್ಟಿದೆ. ಮೈಸೂರು ಅರಮನೆಯಲ್ಲಿ 2015ರ ಫೆಬ್ರವರಿಯಲ್ಲಿ ಪ್ರಮೋದಾದೇವಿ ಒಡೆಯರ್ ದತ್ತು ಪಡೆದ ಯದುವೀರರಿಗೆ ಆಗ ಇಪ್ಪತ್ತು ದಾಟಿತ್ತು.