ಶಾಪದ ಕಲ್ಲಿನಿಂದ ಕಾಯಿದೆಯ ಪುಟಕ್ಕೆ

ಕನ್ನಡ ನಾಡಿನ ದೇಗುಲಗಳ ಅಂಗಳದಲ್ಲಿ ನಿಂತ ಶಿಲಾಶಾಸನಗಳ ಕೊನೆಯ ಸಾಲುಗಳನ್ನು ಓದಬಲ್ಲವರಿಗೆ ನಮ್ಮ ಪೂರ್ವಿಕರ ಆಳವಾದ ಆತಂಕವೊಂದು ಅರಿವಿಗೆ ಬರುತ್ತದೆ. ಚಾಲುಕ್ಯನಿರಲಿ, ಹೊಯ್ಸಳನಿರಲಿ, ದೇವರಿಗೆ ಭೂಮಿಯನ್ನು ಧಾರೆಯೆರೆದ ಅರಸನು ತನ್ನ ಬಿರುದಾವಳಿಯನ್ನೂ ಗಡಿಗಳ ವಿವರವನ್ನೂ ಮುಗಿಸಿದ ಬಳಿಕ, ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾತಕಕ್ಕೆ ಗುರಿಯಾಗುವನೆಂದು ಬರೆಯಿಸಿದನು. ಪಾಲಿಸಿದವನಿಗೆ ಅಷ್ಟೇ ಕವಿಲೆಗಳನ್ನು ದಾನವಿತ್ತ ಪುಣ್ಯವನ್ನು ಸಾರಿದನು. ಸಾಮ್ರಾಜ್ಯಗಳು ಅಳಿಯುತ್ತವೆ, ಶತ್ರು ಬರುತ್ತಾನೆ, ತನ್ನ ವಂಶಜರೇ ಲೋಭಕ್ಕೆ ಬೀಳಬಹುದು ಎಂಬುದನ್ನು ಬಲ್ಲ ದೊರೆಗಳ ಮಾತು ಇದು. ಈ ಶಾಪಾಶಯಕ್ಕೆ ದಂಡನಾಯಕನ ಬಲವಿರಲಿಲ್ಲ. ಪಾಪಭೀತಿಯೊಂದೇ ಶತಮಾನಗಳ ಕಾಲ ಅದರ ಕಾವಲಿಗೆ ನಿಂತಿತ್ತು.

ಆ ಭೀತಿಯನ್ನು ಮೀರಿದವರಲ್ಲಿ ಅರಸರೂ ಇದ್ದರೆಂಬುದನ್ನು ಇತಿಹಾಸ ಮರೆಮಾಚುವುದಿಲ್ಲ. ಹನ್ನೊಂದನೆಯ ಶತಮಾನದ ನಡುವಿನಲ್ಲಿ, ಚಾಲುಕ್ಯ ಅರಸ ಆಹವಮಲ್ಲ ಸೋಮೇಶ್ವರನ ರಾಜಧಾನಿ ಕಲ್ಯಾಣವನ್ನು ಸುಟ್ಟ ಚೋಳ ರಾಜಾಧಿರಾಜನು ಅಲ್ಲಿಂದ ಒಂದು ದ್ವಾರಪಾಲಕ ಶಿಲ್ಪವನ್ನು ಹೊತ್ತೊಯ್ದು, ಆ ವಿಜಯವನ್ನು ಅದರ ಪೀಠದ ಮೇಲೆಯೇ ತಮಿಳಿನಲ್ಲಿ ಕೊರೆಯಿಸಿದನು. ಬಹುಕಾಲ ದಾರಾಸುರದಲ್ಲಿದ್ದ ಆ ಚಾಲುಕ್ಯ ಶಿಲ್ಪ ಇಂದು ತಂಜಾವೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಹೆಮ್ಮೆಯ ಕೃಷ್ಣದೇವರಾಯನೂ 1514ರಲ್ಲಿ ಗಜಪತಿ ಅರಸನ ಉದಯಗಿರಿ ದುರ್ಗವನ್ನು ಗೆದ್ದಾಗ ಅಲ್ಲಿನ ಬಾಲಕೃಷ್ಣನ ವಿಗ್ರಹವನ್ನು ತಂದು, ಮರುವರ್ಷ ಹಂಪೆಯಲ್ಲಿ ಅದಕ್ಕೊಂದು ಭವ್ಯ ದೇವಾಲಯವನ್ನು ಸಮರ್ಪಿಸಿದನು. ತಂದ ದೇವರಿಗೆ ಪೂಜೆ ನಡೆಯಿತು, ಉತ್ಸವ ನಡೆಯಿತು. ಆದರೂ ಉದಯಗಿರಿಯ ಗರ್ಭಗುಡಿ ಬರಿದಾಯಿತೆಂಬ ಸತ್ಯವನ್ನು ಕನ್ನಡಿಗರಾದ ನಾವು ಒಪ್ಪಿಕೊಳ್ಳಲೇಬೇಕು.

ವಿಧಿಯ ಲೆಕ್ಕ ಅರ್ಧ ಶತಮಾನದಲ್ಲೇ ತೀರಿತು. 1336ರಲ್ಲಿ ಹರಿಹರ ಬುಕ್ಕರು ತುಂಗಭದ್ರೆಯ ದಡದಲ್ಲಿ ನೆಟ್ಟ ವಿಜಯನಗರ ರಾಜ್ಯವು ಎರಡು ಶತಮಾನಗಳಿಗೂ ಮಿಗಿಲಾಗಿ ದಕ್ಷಿಣಾಪಥವನ್ನು ಆಳಿ, ಪೋರ್ಚುಗೀಸ್ ಯಾತ್ರಿಕರನ್ನು ಬೆರಗುಗೊಳಿಸಿ, ತನ್ನ ವೈಭವದ ತುದಿಯಲ್ಲೇ ಗರ್ವಕ್ಕೆ ತುತ್ತಾಯಿತು. ದಖ್ಖನಿನ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತ ಬಂದ ಅಳಿಯ ರಾಮರಾಯನು, 1565ರ ಜನವರಿಯಲ್ಲಿ ಅವರ ಒಗ್ಗಟ್ಟಿನ ಎದುರು ರಕ್ಕಸತಂಗಡಿಯ ರಣಭೂಮಿಯಲ್ಲಿ ಇಳಿವಯಸ್ಸಿನಲ್ಲಿ ಸೆರೆಸಿಕ್ಕು ತಲೆಯನ್ನು ಕಳೆದುಕೊಂಡನು. ಅವನ ತಮ್ಮ ತಿರುಮಲನು ಸಾಗಿಸಬಹುದಾದ ಭಂಡಾರವನ್ನು ಆನೆಗಳ ಮೇಲೆ ಹೇರಿ, ಹೆಸರಿಗೆ ಮಾತ್ರ ಅರಸನಾಗಿದ್ದ ಸದಾಶಿವರಾಯನೊಡನೆ ಪೆನುಗೊಂಡೆಯ ಹಾದಿ ಹಿಡಿದನು. ಕಾವಲಿಲ್ಲದ ಮಹಾನಗರದೊಳಗೆ ಗೆದ್ದವರ ಸೈನ್ಯ ನುಗ್ಗಿತು. ತಿಂಗಳುಗಟ್ಟಲೆ ನಗರ ಉರಿಯಿತು, ದೋಚಲ್ಪಟ್ಟಿತು. ಆ ಸೈನ್ಯಗಳು ಹಿಂದಿರುಗಿ ನಾಲ್ಕೂವರೆ ಶತಮಾನಗಳು ಕಳೆದಿವೆ, ಆ ಸುಲ್ತಾನರ ಮನೆತನಗಳೂ ನಾಮಾವಶೇಷವಾಗಿವೆ. ಆದರೆ ಓಡಿಹೋದವರು ಹೂತಿಟ್ಟ ಹೊನ್ನು ಪ್ರತಿ ಗುಡಿಯ ಅಡಿಯಲ್ಲಿದೆ ಎಂಬ ಭ್ರಾಂತಿ ಮಾತ್ರ ಅಳಿಯಲಿಲ್ಲ. ಅಂದಿನ ಸೈನಿಕ ಬಿಟ್ಟುಹೋದುದನ್ನು ನಿಧಿಗಳ್ಳನ ಹಾರೆ ಮುಂದುವರಿಸಿತು. ಬಸವನ ಹೊಟ್ಟೆ ಸೀಳಿತು, ಲಿಂಗ ಪೀಠದಿಂದ ಕಿತ್ತುಬಂತು, ವೀರಗಲ್ಲು ಉರುಳಿತು.

ಪಾಪಭೀತಿ ಸವೆದ ಕಾಲಕ್ಕೆ ಕಾಯಿದೆ ಬಂತು. 1878ರ ನಿಕ್ಷೇಪ ನಿಧಿ ಕಾಯಿದೆಯು, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕವನು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತು. ಸರ್ಕಾರ ಅದನ್ನು ತನ್ನದಾಗಿಸಿಕೊಂಡರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲನ್ನು ಹೆಚ್ಚಿಗೆ ಕೊಡಬೇಕೆಂದೂ, ಬಚ್ಚಿಟ್ಟವನಿಗೆ ಒಂದು ವರ್ಷದವರೆಗೆ ಸೆರೆಯೆಂದೂ ಹೇಳಿತು. 1904ರಲ್ಲಿ ಕರ್ಜನ್ನನ ಕಾಲದ ಸ್ಮಾರಕ ಸಂರಕ್ಷಣಾ ಕಾಯಿದೆ, ಸ್ವತಂತ್ರ ಭಾರತದಲ್ಲಿ 1958ರ ಕೇಂದ್ರ ಕಾಯಿದೆ, 1961ರಲ್ಲಿ ನಮ್ಮ ರಾಜ್ಯದ್ದೇ ಕಾಯಿದೆ ಬಂದವು. 1972ರ ಪುರಾತನ ವಸ್ತುಗಳ ಕಾಯಿದೆಯು ನೂರು ವರ್ಷಕ್ಕೆ ಹಿಂದಿನ ಶಿಲ್ಪ, ನಾಣ್ಯ, ಶಾಸನಗಳನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರವಿತ್ತ ಸಂಸ್ಥೆಯ ಹೊರತು ಬೇರಾರೂ ದೇಶದಾಚೆಗೆ ಕಳುಹಿಸಲಾಗದಂತೆ ನಿರ್ಬಂಧಿಸಿತು. ಮೀರಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ. ಹೊರನಾಡಿನ ಪೇಟೆಯಲ್ಲಿ ಒಂದು ವಿಗ್ರಹಕ್ಕೆ ಕೋಟಿಗಟ್ಟಲೆ ಬೆಲೆಯಿರುವಾಗ ಈ ಶಿಕ್ಷೆ ತೀರ ಹಗುರವೆಂದೇ ನನ್ನ ಮತ.

ಈ ಕಾಯಿದೆಗಳೆಲ್ಲ ಜಾರಿಯಲ್ಲಿದ್ದಾಗಲೇ 2019ನೆಯ ವರ್ಷ ಹಂಪೆಗೆ ಎರಡು ಗಾಯಗಳನ್ನು ಮಾಡಿತು. ಗಜಶಾಲೆಯ ಹಿಂಬದಿಯ ವಿಷ್ಣು ದೇವಾಲಯದಲ್ಲಿ ಯುವಕರು ಕಂಬ ಉರುಳಿಸಿದ ದೃಶ್ಯವನ್ನು ನಾಡೇ ನೋಡಿತು. ನ್ಯಾಯಾಲಯವು ತಲಾ 70,000 ರೂಪಾಯಿ ದಂಡ ವಿಧಿಸಿ, ಬಿದ್ದ ಕಂಬವನ್ನು ಅವರಿಂದಲೇ ಎತ್ತಿ ನಿಲ್ಲಿಸಿತು. ಅದೇ ವರ್ಷದ ಜುಲೈಯಲ್ಲಿ, ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ, 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಯರ ಬೃಂದಾವನವನ್ನು ನಿಧಿಯಾಸೆಯಿಂದ ಅಗೆದು ಕೆಡವಿದರು. ಕುಹುಯೋಗವೆಂಬ ಅಶುಭ ಗಳಿಗೆಯಲ್ಲಿ ತಾವೇ ಸಿಂಹಾಸನವೇರಿ ಕೃಷ್ಣದೇವರಾಯನನ್ನು ಕಾಪಾಡಿದರೆಂದು ಪರಂಪರೆ ಸ್ಮರಿಸುವ ಯತಿಯ ಸನ್ನಿಧಿ ಅದು. 1565ರ ಪ್ರಳಯವನ್ನು ದಾಟಿ ಉಳಿದಿದ್ದ ಕಲ್ಲುಗಳನ್ನು ನಮ್ಮ ಕಾಲದ ಹಾರೆ ಚದುರಿಸಿತು. ಭಕ್ತರು ಕೂಡಲೇ ನೆರೆದು ಅದನ್ನು ಮತ್ತೆ ಕಟ್ಟಿದರು, ಪೊಲೀಸರು ತಪ್ಪಿತಸ್ಥರನ್ನು ಬೆನ್ನಟ್ಟಿ ಹಿಡಿದರು.

ವಾಚಕರೇ, ಕಳುವಾದ ದೇವರನ್ನು ಮರಳಿ ತರಬಲ್ಲ ಸಾಕ್ಷ್ಯ ಯಾವುದೆಂಬುದು ನೆರೆಯ ತಮಿಳುನಾಡಿನಲ್ಲಿ ಸಿದ್ಧವಾಗಿದೆ. ಶ್ರೀಪುರಂದಾನ್ ಗ್ರಾಮದ ಚೋಳರ ಕಾಲದ ನಟರಾಜ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಗ್ಯಾಲರಿಯನ್ನು ಸೇರಿದ್ದರೂ, ಪುದುಚೇರಿಯ ಫ್ರೆಂಚ್ ಸಂಸ್ಥೆಯ ಬಳಿ ಗುಡಿಯಲ್ಲಿದ್ದಾಗಲೇ ತೆಗೆದ ಅದರ ಛಾಯಾಚಿತ್ರವಿತ್ತು. ಆ ಸಾಕ್ಷ್ಯದ ನೆರವಿನಿಂದ 2014ರಲ್ಲಿ ವಿಗ್ರಹ ಭಾರತಕ್ಕೆ ಮರಳಿತು. ಪುರಾತತ್ವ ಇಲಾಖೆಯ ಕಾವಲು ಸಂರಕ್ಷಿತ ಸ್ಮಾರಕಗಳಿಗಷ್ಟೇ ಇದೆ. ಅದರಾಚೆ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಹಾಳುಗುಡಿಗಳಲ್ಲಿ ಬಿದ್ದಿರುವ ಆಸ್ತಿ ಅಪಾರ. ನಿಮ್ಮೂರಿನ ವಿಗ್ರಹ, ಶಾಸನ, ವೀರಗಲ್ಲುಗಳ ಚಿತ್ರವನ್ನು ತೆಗೆದು, ಅಳತೆಯನ್ನೂ ಸ್ಥಳವನ್ನೂ ಬರೆದು, ಪಂಚಾಯಿತಿಯಲ್ಲಿ ಒಂದು ಪ್ರತಿ, ಪುರಾತತ್ವ ಇಲಾಖೆಯಲ್ಲಿ ಒಂದು ಪ್ರತಿ ಇಡಿಸಿ. ಈ ಬೇಸಿಗೆಯೊಳಗೇ ಆ ಕೆಲಸ ಆಗಲಿ.